ಎಡಗಡೆ ಸೀಟಿನ ಮಾತು

ನಮ್ಮ ಮನಿಯವರಿಗೆ ನನ್ನ ಬಾಯಿ ಮ್ಯಾಲ ಮೂವತ್ತು ವರ್ಷದ ಸಿಟ್ಟು. "ನಿನ್ನ ಬಾಯಿಗೆ ಬ್ರೇಕ್ ಅನ್ನೂದ ಇಲ್ಲ ನೋಡು" ಅಂತಿದ್ರು. ಜೀವಮಾನ ಪೂರ್ತಿ ಬಸ್ ಹೊಡದವರು, ಹೆಂಡ್ತಿನ್ನ ಬೈಯೂದೂ ಗಾಡಿ ಭಾಷಾದಾಗನ. ಸಾಲ್ಯಾಗ ನಲವತ್ತು ಹುಡುಗ್ರಿಗೆ ಕೇಳೂ ಹಂಗ ಒದರಿ ಒದರಿ ನನ್ನ ದನಿ ದೊಡ್ಡದಾಗೈತಿ, ಅದಕ್ಕ ನಾ ಏನ ಮಾಡ್ಲಿ? ಅಡಗಿ ಮನ್ಯಾಗ ಮಾತಾಡಿದ್ರ ಓಣಿ ತುದಿಗೆ ಕೇಳತೈತಿ ಅಂತಾರ. ಕೇಳ್ಲಿ ಬಿಡ್ರಿ. ಕೇಳಬಾರದ್ದು ನಾ ಏನೂ ಮಾತಾಡೂದಿಲ್ಲ.

ವಿಜಯಪುರದಿಂದ ಬಬಲೇಶ್ವರ, ಮಮದಾಪುರ, ತಿಕೋಟಾ, ಈ ರಸ್ತಾಗಳ ಮ್ಯಾಲನ ಅವರ ಮೂವತ್ತು ವರ್ಷ ಕಳದಾವು. ಬಜಾರದಾಗ ಅವರ ಹೆಸರು ಯಾರಿಗೂ ಗೊತ್ತಿಲ್ಲ. ಕಾಯಿಪಲ್ಲೆ ಮಾರಾಕಿಗೆ ಡ್ರೈವರ್ ಕಾಕಾ, ಓಣಿ ಮಂದಿಗೆ ಡ್ರೈವರ್ ಮಾಮಾ, ಅತ್ತರ ಅಂಗಡಿ ಮುದುಕಗ ಡ್ರೈವರ್ ಸಾಹೇಬ. ಮದುವಿ ಕಾರ್ಡಿನ ಮ್ಯಾಲೂ ಹಂಗ ಬರದು ಕಳಸ್ತಾರ. ನಾ ಬಬಲೇಶ್ವರದ ಕನ್ನಡ ಸಾಲ್ಯಾಗ ಇಷ್ಟು ವರ್ಷ ಟೀಚರ್ ಆಗಿದ್ರೂ ಊರಿಗೆಲ್ಲಾ "ಡ್ರೈವರ್ ಮನ್ಯಾಕಿ". ಅವರು ರಿಟೈರ್ ಆದ ದಿನ ಖಾಕಿ ಅಂಗಿ ಒಗದು, ಇಸ್ತ್ರಿ ಮಾಡಿಸಿ, ಕಪಾಟಿನ್ಯಾಗ ಇಟ್ರು. ಹೆಸರು ಮಾತ್ರ ಅಂಗಿ ಕೂಡ ಬಿಚ್ಚಿ ಇಡಾಕ ಬರಲಿಲ್ಲ.

ಆಮ್ಯಾಲ ಒಂದು ಸಣ್ಣ ಬಿಳಿ ಕಾರು ತಂದ್ರು. ನಮ್ಮ ಮಗಳನ್ನ ತಿಕೋಟಾದ ದ್ರಾಕ್ಷಿ ತೋಟದ ಮನಿಗೆ ಕೊಟ್ಟೀವಿ, ಅಲ್ಲೇ ಮಗ್ಗಲ ತೋಟದವರು ಹಳೇದು ಮಾರಾಕತ್ತಿದ್ರು. ದಿನಾ ನನ್ನ ಸಾಲಿಗೆ ಬಿಟ್ಟು, ಸಂಜಿಗೆ ಕರಕೊಂಡ ಬರ್ತೀನಿ ಅಂದ್ರು. ನಾನೂ ಹಿಗ್ಗಿದೆ, ರಾಣಿ ಹಂಗ ಹೋಗೂಣು ಅಂತ. ಮೊದಲನೇ ದಿನಾನ ತಿಳೀತು, ಇದು ಕಾರಲ್ಲ, ಇದೂ ಬಸ್ಸ.

ಹ್ಯಾಂಗಂದ್ರ, ತಿರುವು ಬಂದ್ರ ಇಡೀ ರಸ್ತಾ ಬಳಸಿ ತಿರಗಸ್ತಿದ್ರು, ಹಿಂದ ಇನ್ನೂ ಮೂವತ್ತು ಫೂಟ್ ಗಾಡಿ ಐತಿ ಅನ್ನೂ ಹಂಗ. ಪ್ರತಿ ಸ್ಟಾಪಿನ್ಯಾಗ ಕಾಲು ತಾನ ಬ್ರೇಕಿನ ಮ್ಯಾಲ ಹೋಗ್ತಿತ್ತು. ಯಾರಾರ ಕೈ ಮಾಡಿದ್ರಂತೂ ಮುಗದ ಹೋತು, ನಿಲ್ಲಸೂದ. ಒಮ್ಮೆ ಒಬ್ಬ ಮುದುಕಿ ಬುಟ್ಟ್ಯಾಗ ಎರಡು ಕೋಳಿ ಇಟ್ಕೊಂಡ ಹಿಂದಿನ ಸೀಟಿನ್ಯಾಗ ಕೂತಳು. ಸೆರಗಿನ ಗಂಟು ಬಿಚ್ಚಿ "ಮಮದಾಪುರ ಒಂದ ಕೊಡವ್ವಾ" ಅಂತ ನನ್ನ ಮಾರಿ ಮುಂದ ರೊಕ್ಕ ಹಿಡದಳು. ಗಂಡ ಡ್ರೈವರ್ ಆದ್ರ ಹೆಂಡ್ತಿ ಕಂಡಕ್ಟರ್ ಇರಬೇಕಂತ ಅಕಿ ಲೆಕ್ಕ. ಇವರು ಹೊಟ್ಟಿ ಹಿಡ್ಕೊಂಡ ನಕ್ರು.

ಅಕಿ ಲೆಕ್ಕ ಸುಳ್ಳೂ ಇದ್ದಿಲ್ಲ. ಕಂಡಕ್ಟರ್ "ರೈಟ್" ಅನ್ನದ ಇವರು ಗಾಡಿ ಎಬ್ಬಸ್ತಿದ್ದಿಲ್ಲ. ಮೂವತ್ತು ವರ್ಷದ ರೂಢಿ. ಗೇಟಿನಿಂದ ಹೊರಗ ಬರೂ ಮುಂಚೆ ಎಡಕ್ಕ ನಾ ನೋಡಬೇಕು, ನೋಡಿ "ರೈಟ್" ಅನ್ನಬೇಕು. ಹಿಂದಕ ತಗೊಳ್ಳುವಾಗ ಕೆಳಗ ಇಳದು "ಬರ್ಲಿ, ಬರ್ಲಿ", ನಿಲ್ಲಸೂದಿದ್ರ "ಹೋಲ್ಡಾನ್" ಅನ್ನಬೇಕು. ಓಣಿ ಹೆಂಗಸರು ಬಾಗಲದಾಗ ನಿಂತು ಸೆರಗು ಬಾಯಿಗೆ ಹಚ್ಕೊಂಡ ನಗ್ತಿದ್ರು. ನನಗ ಮೈಯೆಲ್ಲಾ ಉರೀತಿತ್ತು. ಆದ್ರ ಅನ್ನದಿದ್ರ ಸಾಲಿ ಗಂಟಿ ಹೊಡೀತೈತಿ, ಗಾಡಿ ಅಲುಗೂದಿಲ್ಲ.

ಖರೇ ಹೇಳ್ತೀನಿ, ಗಾಡಿ ವಿಷಯದಾಗ ಅವರ ತಲಿ ಬರೋಬ್ಬರಿ. ನೆರಳಿನ್ಯಾಗ ಗಾಡಿ ಹಚ್ಚೂದನ್ನ ಅವರಿಂದ ಕಲೀಬೇಕು. ಈಗ ನೆರಳು ಎಲ್ಲೈತಿ ಅಂತ ನೋಡೂದಲ್ಲ, ನಾವು ಹೊಳ್ಳಿ ಬರೂ ಹೊತ್ತಿಗೆ ಎಲ್ಲಿರತೈತಿ ಅಂತ ನೋಡಿ ಹಚ್ಚೂದು. ಸ್ಟೇಷನ್ ರಸ್ತಾದಾಗ ಎಲ್ಲಾರೂ ಗಿಡದ ನೆರಳಿಗೆ ಮುಗಿಬಿದ್ರ ಇವರು ಸುಡು ಬಿಸಲಾಗ ನಿಲ್ಲಿಸಿ ಬರೋರು. "ಬುದ್ಧಿ ಐತೇನ್ರಿ?" ಅಂತ ನಾ ಬೈಯೂದು. ತಾಸಿನ ಮ್ಯಾಲ ಬಂದು ನೋಡಿದ್ರ ನಮ್ಮ ಗಾಡಿ ತಂಪಿನ್ಯಾಗ, ಉಳದವರದು ಬಿಸಲಾಗ. ಆಗ ಅವರ ಮಾರಿ ನೋಡಬೇಕಿತ್ತು. ಅಕಸ್ಮಾತ್ ಗಾಡಿ ಕಾದಿದ್ರ, ಹತ್ತಿದ ಕೂಡಲೆ ಏಸಿ ಹಚ್ಚಗೊಡ್ತಿದ್ದಿಲ್ಲ. ಒಂದು ಕಡೆ ಬಾಗಲಾ ತೆರದಿಟ್ಟು, ಎದುರಿನ ಬಾಗಲಾ ನಾಕೈದು ಸಲ ಬೀಸಿದ್ರ ಕಾದ ಗಾಳಿ ತಾನ ಹೊರಗ ಹೋಗತೈತಿ. ಆಮ್ಯಾಲ ಸ್ಟೇರಿಂಗಿಗೆ ಹಸಿ ಟವೆಲ್. ಸೀಟಿನ ಮ್ಯಾಲ ನಮ್ಮವ್ವ ಹಳೇ ಸೀರಿಲೆ ಹೊಲಿದ ಕೌದಿ ನಾಕ ಮಡಕಿ ಹಾಕಿ, ಟೊಂಕಕ್ಕ ಒತ್ತೂ ಹಂಗ ಇಡೂದು. ಇಷ್ಟಾದ್ರ ತಿಕೋಟಾ ತನಕ ಹೋಗಿ ಬಂದ್ರೂ ನಡಾ ಹಿಡಿಯೂದಿಲ್ಲ.

ರಸ್ತಾ ಕೇಳೂದಕ್ಕೂ ಅವರದೊಂದು ಪದ್ಧತಿ. "ಇದು ತಿಕೋಟಾ ರಸ್ತಾ ಹೌದಲ್ರಿ ಅಂತ ಕೇಳಬ್ಯಾಡ. ನಮ್ಮ ಮಂದಿಗೆ ಭಿಡೆ ಭಾಳ. ಇಲ್ಲ ಅಂದ್ರ ನಿನಗ ಬ್ಯಾಸರಾಗತೈತಿ ಅಂತ ಹೌದ್ರಿ ಅಂತಾರ. ಈ ರಸ್ತಾ ಎಲ್ಲಿಗೆ ಹೋಗತೈತಿ ಅಂತ ಕೇಳು." ಇನ್ನ "ಇಲ್ಲೇ ಐತ್ರಿ" ಅಂದ್ರ ಪೆಟ್ರೋಲ್ ಎಷ್ಟೈತಿ ಅಂತ ನೋಡ್ಕೋಬೇಕಂತ. ಮಗಳು ಫೋನಿನ್ಯಾಗ ದಾರಿ ಹೇಳೂದನ್ನ ಹಾಕಿ ಕೊಟ್ಟಿದ್ದಳು. ಅದರೊಳಗಿನ ಹೆಣಮಗಳು ಎರಡು ಸಲ "ಎಡಕ್ಕೆ ತಿರುಗಿ" ಅಂದ ಕೂಡಲೆ ಬಂದ್ ಮಾಡಿಸಿದ್ರು. "ಒಂದ ಗಾಡ್ಯಾಗ ಇಬ್ಬರು ಹೆಂಗಸರು ದಾರಿ ಹೇಳಿದ್ರ ನಾ ಸನ್ಯಾಸಿ ಆಗ್ತೀನಿ" ಅಂದ್ರು.

ಹ್ಞಾಂ, ನನ್ನ ಬಾಯಿ ವಿಷಯ. ಕಾರು ಬಂದು ಒಂದು ವರ್ಷ ಆಗೂತನಕ "ಗಪ್ ಕೂಡು, ಗಾಡಿ ಹೊಡ್ಯಾಕ ಬಿಡು" ಅಂತಿದ್ರು. ಆಮ್ಯಾಲ ಏನಾತೋ, ತಾವಾಗೇ ಕೇಳಾಕ ಸುರು ಮಾಡಿದ್ರು. "ಎಡಕ್ಕ ಏನ ಬೆಳದಾರ?" "ಆ ಗಿಡದ ಕೆಳಗ ಯಾರ ನಿಂತಾರ?" "ಮುಂದ ಎಡಕ್ಕ ಸೈಕಲ್ ಐತೇನ?" ನಾ ಹೇಳಾಕ ಬಿದ್ದೆ. ಎಡಕ್ಕ ತೊಗರಿ ಐತ್ರಿ, ಈಗ ಕಬ್ಬು ಬಂತು, ಒಬ್ಬಾಕಿ ಆಡು ಮೇಸಾಕತ್ತಾಳ, ಮೂರು ಆಡು ದಾಟಿದಾವು ಇನ್ನೂ ಎರಡು ಬರ್ತಾವ ತಡೀರಿ. ಅವರು ಹೂಂ, ಹೂಂ ಅಂತಿದ್ರು. ಅಂತೂ ಗಂಡಗ ಹೆಂಡ್ತಿ ಮಾತಿನ ರುಚಿ ಹತ್ತಿತು ಅಂತ ನಾ ಉಬ್ಬಿದೆ. ಸ್ಟಾಫ್ ರೂಮಿನ್ಯಾಗ ಹೇಳಿದ್ದೂ ಹೇಳಿದ್ದ.

ಆಗ ಬ್ಯಾರೆ ಒಂದೆರಡು ಸಂಗತೀನೂ ಆಗಿದ್ವು. ಎಡಗಡೆ ಕನ್ನಡಿ ಗೇಟಿಗೆ ತಾಗಿ ಒಡೀತು. "ಗೇಟ್ ಸರದೈತಿ" ಅಂದ್ರು. ಬಾಗಲ ಚೌಕಟ್ಟಿಗೆ ಭುಜಾ ಬಡಕೊಂಡು ಚೌಕಟ್ಟಿಗೆ ಬೈದ್ರು. ಅತ್ತರ ಅಂಗಡಿ ಮುದುಕ ಮಗ್ಗಲದಿಂದ ಸಲಾಂ ಮಾಡಿದ್ರ ನೋಡಲಾರದ ಹೋದ್ರು. "ಡ್ರೈವರ್ ಸಾಹೇಬ್ರಿಗೆ ಕಾರು ಬಂದ ಮ್ಯಾಲ ಧಿಮಾಕು ಬಂದೈತಿ" ಅಂತ ಅವ ನನ್ನ ಮುಂದ ಅಂದ. ನಾನೂ ಹಂಗ ತಿಳಕೊಂಡೆ. ಮಾತಾಡೂದ್ರಾಗ ಮುಳುಗಿದಾಕಿ ನೋಡೂದ ಮರತಿದ್ದೆ.

ಒಂದು ರವಿವಾರ ತಿಕೋಟಾಕ್ಕ ಮಗಳ ಮನಿಗೆ ಊಟಕ್ಕ ಹೋಗಿದ್ವಿ. ಬೀಗರು, ಬೀಗತಿ, ಅವರ ಮನಿ ಮಂದಿ ಎಲ್ಲಾ ಪಡಸಾಲ್ಯಾಗ ಸಾಲಾಗಿ ಕೂತಾರ. ನಾ ನಮ್ಮ ಸಾಲಿ ವಾರ್ಷಿಕ ಗ್ಯಾದರಿಂಗ್ ಸುದ್ದಿ ಹೇಳಾಕತ್ತಿದ್ದೆ, ಸ್ವಲ್ಪ ಉದ್ದಾತು, ಒಪ್ಪಕೋತೀನಿ. ಇವರು ಹೋಳಿಗಿ ಮುರಕೋತ ಬೀಗರಿಗೆ ಅಂದ್ರು: "ನಮ್ಮ ಮನ್ಯಾಗ ರೇಡಿಯೋ ತರೂ ಜರೂರ ಬೀಳಲಿಲ್ಲ ನೋಡ್ರಿ. ಈಕಿನ್ನ ತಂದೆ. ಶೆಲ್ ಹಾಕೂದ ಬ್ಯಾಡ, ಬಂದ್ ಮಾಡೂ ಗುಂಡಿನೂ ಇಲ್ಲ." ಪಡಸಾಲಿಗೆ ಪಡಸಾಲಿನ ನಕ್ಕಿತು. ನನ್ನ ಮಗಳೂ ನಕ್ಕಳು. ಅಳಿಯ ಗೋಡಿ ಕಡೆ ಮಾರಿ ಮಾಡಿ ನಕ್ಕ.

ಮನ್ಯಾಗ ಅಂದಿದ್ರ ನಾ ಹತ್ತು ಅಂತಿದ್ದೆ. ಬೀಗರ ಮುಂದ ಅಂದ್ರಲ್ಲ, ಅದು ಎದಿಗೆ ಚುಚ್ಚಿತು. ಆತು, ಗುಂಡಿ ಇಲ್ಲಲ್ಲ, ತೋರಸ್ತೀನಿ ತಡಿ ಅಂತ ಬಾಯಿ ಬಂದ್ ಮಾಡಿದೆ. ಊರಿಗೆ ಹೋಗಿ ಮುಟ್ಟೂ ತನಕ ಒಂದ ಅಕ್ಷರ ಆಡಬಾರದು ಅಂತ ಆಣಿ ಮಾಡ್ಕೊಂಡೆ.

ಹೊಂಡೂ ಮುಂದ ಅವರು ಕೀಲಿ ತಿರವಿ ಕಾದ್ರು. ನಾ ಮುಂದಿನ ಗಾಜು ನೋಡ್ಕೋತ ಕೂತೆ. "ರೈಟ್ ಅನ್ನಲೇ" ಅಂದ್ರು. ನಾ ಅನ್ನಲಿಲ್ಲ. ಕಡೀಕ ಅಳಿಯ ಗಾಡಿ ಮಗ್ಗಲಕ ನಿಂತು "ರೈಟ್ ಮಾವಾರ" ಅಂದ. ಗಾಡಿ ಹೊಂಟಿತು. ಸಾಲ್ಯಾಗ ತಿದ್ದೂ ಪೇಪರ್ ಬಿಟ್ಟು ಬಂದಿದ್ದೆ, ಅದಕ್ಕ ಬಬಲೇಶ್ವರದ ಮ್ಯಾಲ ಹಾಯ್ದು ಊರಿಗೆ ಹೋಗೂದಿತ್ತು.

"ಎಡಕ್ಕ ದ್ರಾಕ್ಷಿ ಕಟಾವು ಆಗ್ಯಾವೇನ?" ನಾ ಗಪ್. "ಮುಂದ ಟ್ರ್ಯಾಕ್ಟರ್ ನಿಂತಂಗ ಐತಲ್ಲ?" ಗಪ್. ಗಾಡಿ ನಿಧಾನ ಆತು, ಮತ್ತ ನಿಧಾನ ಆತು, ಎತ್ತಿನ ಬಂಡಿ ನಮ್ಮನ್ನ ದಾಟಿ ಹೋಗೂದೊಂದ ಬಾಕಿ. ನನ್ನ ರಮಿಸಾಕತ್ತಾರ ಅಂತ ತಿಳಕೊಂಡೆ. ಒದ್ದಾಡ್ರಿ, ಇನ್ನೂ ಒದ್ದಾಡ್ರಿ, ರೇಡಿಯೋದ ಬೆಲಿ ಈಗ ತಿಳೀತಿಲ್ಲೋ ಅಂತ ಒಳಗೊಳಗ ಖುಷಿ. ಅವರ ಹಣಿ ಮ್ಯಾಲ ಬೆವರಿತ್ತು. ಏಸಿ ಹಚ್ಚಿದ್ರೂ ಯಾಕ ಬೆವತಾರ ಅಂತ ನನಗ ಹೊಳೀಲಿಲ್ಲ.

ಸಾಲ್ಯಾಗಿನ ಪೇಪರ್ ತಗೊಂಡು ಬಬಲೇಶ್ವರ ಬಿಟ್ಟು ಜರ ಮುಂದ ಬಂದಿದ್ವಿ. ಎಡಕ್ಕ ಎತ್ತರಕ ಕಬ್ಬು, ಕಬ್ಬಿನ ನಡುವ ಹೊಲದ ದಾರಿ. ಆ ದಾರಿಯಿಂದ ಒಬ್ಬಾಕಿ ತಲಿ ಮ್ಯಾಲ ಹಸಿ ಮೇವಿನ ಹೊರಿ ಹೊತ್ಕೊಂಡು ರಸ್ತಾಕ್ಕ ಬಂದಳು. ಹೊರಿ ಕಣ್ಣಿನ ತನಕ ಇಳದಿತ್ತು, ಅಕಿಗೆ ಗಾಡಿ ಕಾಣಲಿಲ್ಲ. ನನಗ ಅಕಿ ಕಂಡಳು. ಇವರಿಗೂ ಕಂಡಿರಬೇಕು, ಈಗ ಬ್ರೇಕ್ ಹಾಕ್ತಾರ ಅಂತ ಕಾದೆ. ಹಾಕಲಿಲ್ಲ. ಅಕಿ ಇರೂ ಕಡೆನ ಗಾಡಿ ಹೊಂಟಿತ್ತು.

"ಹೋಲ್ಡಾನ್!" ಅಂತ ಚೀರಿದೆ.

ಮೂವತ್ತು ವರ್ಷದ ಕಾಲು, ಆ ಮಾತಿಗೆ ತಾನ ಒತ್ತಿತು. ನನ್ನ ಪೇಪರೆಲ್ಲಾ ಕಾಲಾಗ ಬಿದ್ದು ಚೆಲ್ಲಾಪಿಲ್ಲಿ. ಗಾಡಿ ಮೂತಿಗೂ ಅಕಿ ಸೀರಿಗೂ ನಡುವ ಒಂದು ಗೇಣು ಇತ್ತೋ ಇಲ್ಲೋ. ಅಕಿ ಹೊರಿ ಕೆಳಗ ಚೆಲ್ಲಿ, ಸೊಂಟದ ಮ್ಯಾಲ ಕೈ ಇಟ್ಕೊಂಡು ಸುರು ಮಾಡಿದಳು. "ಕಣ್ಣ ಕಾಣೂದಿಲ್ಲೇನೋ ನಿನಗ! ಕಣ್ಣ ಕಾಣದಿದ್ರ ಮನ್ಯಾಗ ಬಿದ್ದಿರಬೇಕು, ಮಂದಿ ಮಕ್ಕಳ ಮ್ಯಾಲ ಯಾಕ ಗಾಡಿ ಹಾಯಸ್ತೀ!" ನಮ್ಮವರು ಯಾರಾರ ರಸ್ತಾದಾಗ ಒಂದಂದ್ರ ಕೆಳಗ ಇಳದು ಹತ್ತು ಅನ್ನೂ ಮನಿಷ್ಯಾ. ಅವತ್ತ ಸ್ಟೇರಿಂಗ್ ಹಿಡಕೊಂಡ ಕೂತಬಿಟ್ರು. ತಲಿ ತಗ್ಗಿಸಿ "ತಪ್ಪಾತವ್ವಾ" ಅಂದ್ರು. ನಾನ ಇಳದು ಅಕಿ ಕೈ ಹಿಡದೆ, ಹೊರಿ ಎತ್ತಿ ಹೊರಸಿದೆ.

ಗಾಡಿ ಬೇವಿನ ಗಿಡದ ಕೆಳಗ ಸರಸಿ ನಿಲ್ಲಿಸಿದ್ರು. ಮಾರಿ ಒರಸಾಕ ಟವೆಲ್ ಕೊಡೂಣು ಅಂತ ಮುಂದಿನ ಡಬ್ಬಿ ತೆರದೆ. ಟವೆಲ್ಲಿನ ಕೆಳಗ ಎರಡು ಸಣ್ಣ ಬಾಟ್ಲಿ, ಕಣ್ಣಿಗೆ ಹಾಕೂ ಔಷಧ. ಒಂದು ಖಾಲಿ ಆಗಿತ್ತು, ಒಂದು ಅರ್ಧ. ಅದರ ಕೂಡ ಮಡಚಿದ ಡಾಕ್ಟರ್ ಚೀಟಿ, ಮಡಚಿ ಮಡಚಿ ಅಂಚು ಹರದಿತ್ತು.

"ಇದೇನ್ರಿ?" ಅಂದೆ. ಆಣಿ ಅಲ್ಲಿಗೆ ಮುರೀತು.

"ಧೂಳಿಗೆ ಹಾಕೋತೀನಿ" ಅಂದ್ರು.

ಸುಳ್ಳು ಅಂತ ಗೊತ್ತಾತು. ಎಡಕ್ಕ ಏನೈತಿ, ಎಡಕ್ಕ ಯಾರ ನಿಂತಾರ, ಆ ಒಂದು ವರ್ಷದ ಪ್ರಶ್ನೆ ಎಲ್ಲಾ ಒಮ್ಮೆಲೇ ನನ್ನ ಕಿವ್ಯಾಗ ಬಂದು ನಿಂತ್ವು. ನನ್ನ ಮಾತಿನ ರುಚಿ ಹತ್ತಿದ್ದಲ್ಲ. ನನ್ನ ಬಾಯಿಲೇ ರಸ್ತಾ ನೋಡಾಕತ್ತಿದ್ರು. ನಾ ಅವತ್ತ ಬಾಯಿ ಮುಚ್ಚಿ ಅವರ ಕಣ್ಣ ಮುಚ್ಚಿದ್ದೆ. ನನ್ನ ಸೊಕ್ಕಿಗೆ ಒಬ್ಬಾಕಿ ಜೀವ ಹೋಗತಿತ್ತು.

ಅಲ್ಲಿಂದ ಊರಿಗೆ ಅವರ ಕೈಯಾಗ ಗಾಡಿ ಕೊಡೂ ಧೈರ್ಯ ನನಗಿಲ್ಲ. "ಬ್ಯಾಡ, ನೀವು ಹೊಡೀಬ್ಯಾಡ್ರಿ" ಅನ್ನೂ ಧೈರ್ಯ ಮೊದಲ ಇಲ್ಲ. ತಲಿ ಹಿಡಕೊಂಡು "ನನಗ ಚಕ್ಕರ ಬರಾಕತ್ತೈತ್ರಿ, ಕಾರಿನ ವಾಸನಿ ತಾಳೂದಿಲ್ಲ, ಬಸ್ಸಿಗೆ ಹೋಗೂಣು" ಅಂದೆ. ಮೂವತ್ತು ವರ್ಷದಾಗ ನನಗ ಒಮ್ಮೆನೂ ಚಕ್ಕರ ಬಂದಿದ್ದಿಲ್ಲ, ಅದು ಅವರಿಗೂ ಗೊತ್ತು. ಇಳದು ಗಾಡಿಗೆ ಕೀಲಿ ಹಾಕಿದ್ರು.

ಬಸ್ಸಿನ ಹರೇದ ಡ್ರೈವರ್ ನೋಡಿದಾವನ ಎಡಗಡೆಯಿಂದ ಕೈ ಎತ್ತಿ "ಏನ್ ಡ್ರೈವರ್ ಕಾಕಾ, ಆರಾಮ?" ಅಂದ. ಇವರು ಎದುರಿಗೆ ನೋಡ್ಕೋತ ಹತ್ತಾಕತ್ತಿದ್ರು. ನಾ ತೋಳು ಚಿವುಟಿದೆ. ಪೂರ್ತಿ ಕುತ್ತಿಗಿ ಹೊಳ್ಳಿಸಿ ಅವನ್ನ ಹುಡುಕಿ "ಆರಾಮಪಾ ಆರಾಮ" ಅಂದ್ರು. ಇಡೀ ದಾರಿ ಅವನ ಕಾಲು, ಅವನ ಗೇರು ನೋಡ್ಕೋತ ಕೂತಿದ್ರು.

ಮರದಿನ ಅಳಿಯ ಬಂದು ಕಾರು ತಂದು ಮನಿ ಮುಂದ ಹಚ್ಚಿದ. ನಾ ಸಾಲಿಗೆ ರಜಾ ಹಾಕಿ, ಹರಕ ಚೀಟಿ ಹಿಡಕೊಂಡು ಕಣ್ಣಿನ ಡಾಕ್ಟರ ಹತ್ರ ಹೋದೆ. ಪಾಪ, ಡಾಕ್ಟರು ನಿಧಾನಕ ತಿಳಿಸಿ ಹೇಳಿದ್ರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸೋತೈತಿ. ನಟ್ಟ ನಡುವ ಚಲೋ ಕಾಣತೈತಿ, ಪೇಪರ್ ಓದ್ತಾರ, ಅದಕ್ಕ ಯಾರಿಗೂ ತಿಳಿಯೂದಿಲ್ಲ. ಮಗ್ಗಲದ ನೋಟ ಹೋಗೈತಿ, ಎಡಕ್ಕ ಹೆಚ್ಚು. ಹೋದದ್ದು ಬರೂದಿಲ್ಲ. ಉಳದದ್ದನ್ನ ಔಷಧ ಬಿಡದ ಹಾಕಿ ಉಳಿಸ್ಕೋಬೇಕು. "ಗಾಡಿ ಹೊಡೀಬಾರದು ಅಂತ ವರ್ಷದ ಹಿಂದನ ಹೇಳೇನಲ್ಲಮ್ಮಾ, ಮನ್ಯಾಗ ಹೇಳಿಲ್ಲೇನು?" ಅಂದ್ರು.

ಮನಿಗೆ ಬಂದು ಜಗಳ ತಗದೆ. ಬ್ಯಾರೆ ಏನ ಮಾಡ್ಲಿ, ನನಗ ಅಳೂದಕ್ಕಿಂತ ಮೊದಲ ಸಿಟ್ಟ ಬರೂದು. "ಒಂದು ವರ್ಷ ನನ್ನ ಮಗ್ಗಲಕ ಕೂಡಿಸ್ಕೊಂಡು ಸುಳ್ಳ ಹೇಳೀರಲ್ಲ, ಏನ್ ಮನಿಷ್ಯಾರಿ ನೀವು! ಯಾರಾರ ಸತ್ತಿದ್ರ? ನೀವು ಸತ್ತಿದ್ರ ನಾ ಯಾರ ಕೂಡ ಮಾತಾಡಬೇಕಿತ್ತು?" ಅಂದು ಅತ್ತೂ ಬಿಟ್ಟೆ. ಅವರು ಕಟ್ಟಿ ಮ್ಯಾಲ ಕೂತು ಕಾರಿನ ಕೀಲಿ ತಿರವಾಕತ್ತಿದ್ರು. ಕೀಲಿ ಮಗ್ಗಲಕ ಇಟ್ಟು ಅಂದ್ರು: "ನನಗ ಎಲ್ಲಾರೂ ಡ್ರೈವರ್ ಅಂತಾರ. ನಾಳಿಂದ ಏನಂತ ಕರೀತಾರ?"

ಬಾಯಿಗೆ ಬಂದದ್ದು ಅಂದೆ: "ನನಗ ಕಲಸ್ರಿ."

"ನಿನಗ?" ಅಂದ್ರು. "ಐವತ್ತೇಳಕ್ಕ?"

"ಎಮ್ಮಿ ಕಾಯೂ ಹುಡುಗ್ರಿಗೆ ಭಾಗಾಕಾರ ಕಲಿಸಿದಾಕಿ ನಾ. ನೀವು ನನಗ ಗೇರ್ ಹಾಕೂದು ಕಲಸ್ರಿ, ನೋಡೂಣು ನಿಮ್ಮ ಮಾಸ್ತರಕಿ."

ಕಲಿಯೂ ಲೈಸೆನ್ಸ್, ಎಲ್.ಎಲ್. ಆತು. ಭೂತನಾಳದ ಕಡೆ ಕೆರಿ ಹತ್ರ ಬಯಲು ಐತಿ, ದಿನಾ ಮುಂಜಾನಿ ಆರಕ್ಕ ಅಲ್ಲಿ. ಅಲ್ಲೀ ತನಕ ಓಣ್ಯಾಗಿನ ರಿಕ್ಷಾದವ ಕಾರು ತಂದು ಬಿಡ್ತಿದ್ದ. ಇವರು ಎಡಕ್ಕ ಕೂತ್ರು, ನಾ ಬಲಕ್ಕ. ಮೊದಲನೇ ದಿನ ಗಾಡಿ ಹದಿನೇಳು ಸಲ ಬಂದ್ ಬಿತ್ತು. ಅವರು ಎಣಸ್ತಿದ್ರು, ಬ್ಯಾರೆ ಯಾರ ಎಣಸ್ತಾರ. "ಕ್ಲಚ್ ಬಿಡು ಅಂದ್ರ ಕಾಲ ಜಾಡಸೂದಲ್ಲ. ಹಾಲ ಉಕ್ಕಿ ಬರೂ ಮುಂದ ಉರಿ ಹ್ಯಾಂಗ ಸಣ್ಣ ಮಾಡ್ತಿ? ಹಂಗ ಬಿಡು." ಹಾಲಿನ ಮಾತು ಬಂದ ಮ್ಯಾಲ ನನಗ ಕ್ಲಚ್ ತಿಳೀತು. "ಬೋನೆಟ್ ನೋಡಬ್ಯಾಡ, ಅದು ಎಲ್ಲಿಗೂ ಓಡಿ ಹೋಗೂದಿಲ್ಲ, ದೂರ ನೋಡು." "ಎಮ್ಮಿ ಅಡ್ಡ ಬಂದ್ರ ಹಾರ್ನ್ ಹೊಡೀಬ್ಯಾಡ, ಅದು ನಿಂತು ವಿಚಾರ ಮಾಡತೈತಿ. ನಾಯಿ ಬಂದ್ರ ಹೊಡಿ. ಕಬ್ಬಿನ ಟ್ರ್ಯಾಕ್ಟರ್ ಮುಂದಿದ್ರ ಒಂದು ಹಾಡ ಮುಗದು ಇನ್ನೊಂದು ಸುರು ಆಗೂ ನಡುವ ಹಾರ್ನ್ ಹೊಡಿ, ಆವಾಗಷ್ಟ ಅವಗ ಕೇಳತೈತಿ." ಮತ್ತ ಮತ್ತ ಹೇಳಿದ್ದು ಒಂದ ಮಾತು. "ಕನ್ನಡಿ ಒಂದ ನಂಬಬ್ಯಾಡ. ಎಡಕ್ಕ ಕುತ್ತಿಗಿ ಹೊಳ್ಳಿಸಿ ನೋಡು. ಮತ್ತೊಮ್ಮೆ ನೋಡು." ಅದನ್ನ ಹೇಳುವಾಗಷ್ಟ ಅವರು ಬೈತಿದ್ದಿಲ್ಲ.

ನಾ ಕಲಿಯಾಕತ್ತದ್ದು ಓಣಿಗೆ ತಿಳೀತು. ಯಾಕ ಏನ ಅಂತ ಕೇಳಾಕ ಸುರು ಆತು. ಇವರು "ಮಣಕಾಲ ನೋವು, ಕ್ಲಚ್ ಒತ್ತಾಕ ಆಗೂದಿಲ್ಲ" ಅಂದ್ರು. ನಾನೂ "ಹೌದ್ರಿ, ಭಾಳ ನೋವು" ಅಂದೆ. ಕಣ್ಣಿನ ಮಾತು ಮನ್ಯಾಗನೂ ಅವರ ಬಾಯಿಂದ ಬರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಆದ್ರ ಸುಳ್ಳಿಗೆ ದೇವರು ಬರೋಬ್ಬರಿ ಶಿಕ್ಷಾ ಕೊಟ್ಟ. ಅತ್ತರ ಅಂಗಡಿ ಮುದುಕ, ತನ್ನ ಕೈಯಾರೆ ಕಾಸಿದ ಎಣ್ಣಿ ತಗೊಂಡು ಮನಿಗೆ ಬಂದ. "ಡ್ರೈವರ್ ಸಾಹೇಬ, ಹದಿನೈದು ದಿನಾ ಹಚ್ಚು, ಕುದುರಿ ಹಂಗ ಓಡ್ತಿ" ಅಂದು ಎದುರಿಗೇ ಕೂತು ತಿಕ್ಕಿಸಿದ. ಪ್ರತಿ ಶುಕ್ರವಾರ ಬಂದು ನೋಡ್ತಿದ್ದ, ಹಚ್ಚಿದ್ರೋ ಇಲ್ಲೋ ಅಂತ. ಚಲೋ ಇದ್ದ ಮಣಕಾಲಿಗೆ ಇವರು ಎರಡು ತಿಂಗಳು ಎಣ್ಣಿ ತಿಕ್ಕಿದ್ರು. ಕಾರು, ಕೌದಿ, ನನ್ನ ಸೀರಿ ಎಲ್ಲಾ ಅದ ವಾಸನಿ. ನನಗ ನಗು ಬಂದ್ರ "ನಗಬ್ಯಾಡ, ಗೇರ್ ನೋಡು" ಅಂತಿದ್ರು.

ಲೈಸೆನ್ಸ್ ಕೈಗೆ ಬಂದ ಮ್ಯಾಲ ಒಂದು ಸೋಮವಾರ ಸಾಲಿಗೆ ನಾನ ಗಾಡಿ ತಗದೆ. ಇವರು ಇಸ್ತ್ರಿ ಅಂಗಿ ಹಾಕ್ಕೊಂಡು ಎಡಕ್ಕ ಕೂತ್ರು. ಗೇಟಿನ್ಯಾಗ ಓಣಿ ಹೆಂಗಸರು ಎಲ್ಲಾ ನಿಂತಿದ್ರು, ಈ ಸಲ ನಗಲಿಲ್ಲ. ನಾ ಕಾದೆ. ಇವರು ಗಂಟಲ ಸರಿ ಮಾಡ್ಕೊಂಡು "ರೈಟ್" ಅಂದ್ರು. ಅನ್ನೂ ಮುಂಚೆ ಕುತ್ತಿಗಿ ಎಡಕ್ಕ ಹೊಳ್ಳಿಸಿದ್ರು, ನೋಡಿದವರ ಹಂಗ. ನಾ ಅವರ ಹೆಗಲ ಮ್ಯಾಲ ಹಾಯ್ದು ನಾನ ನೋಡ್ಕೊಂಡೆ. ಅವರಿಗೆ ಕಾಣದಂಗ ನೋಡ್ಕೊಂಡೆ ಅಂತ ತಿಳಕೊಂಡಿದ್ದೆ.

ಬಬಲೇಶ್ವರ ಸ್ಟ್ಯಾಂಡಿನ ಚಹಾದಂಗಡಿಯವ ಕಪ್ಪು-ಬಸಿ ತೊಳೆಯೂದು ಬಿಟ್ಟು ನಿಂತ. "ಏನ್ರಿ ಇದು, ಡ್ರೈವರ್ ಕಾಕಾ ಎಡಕ್ಕ ಕೂತಾರ, ಟೀಚರ್ ಬಲಕ್ಕ ಕೂತಾರ!" ಇವರ ಮಾರಿ ನೋಡಾಕ ಧೈರ್ಯ ಆಗಲಿಲ್ಲ. ಇವರು ಗಾಜು ಇಳಿಸಿ ಅಂದ್ರು: "ಡ್ರೈವರ್ ಅಕಿ. ನಾ ಕಂಡಕ್ಟರ್. ಎರಡು ಚಹಾ ತಾ, ಡ್ರೈವರಗ ಸಕ್ಕರಿ ಜಾಸ್ತಿ ಹಾಕು, ಬಾಯಿ ಸಿಹಿ ಆಗ್ಲಿ." ಸ್ಟ್ಯಾಂಡೆಲ್ಲಾ ನಕ್ಕಿತು. ನಾನೂ ನಕ್ಕೆ. ಆ ದಿನಾ ಸಾಲ್ಯಾಗ ಏನ ಪಾಠ ಮಾಡಿದೆ ಅಂತ ಇವತ್ತಿಗೂ ನೆನಪಿಲ್ಲ.

ಸಂಜಿಗೆ ಹೊಳ್ಳಿ ಬರೂ ಮುಂದ ನಾನ ಗಾಡಿ ನಿಧಾನ ಮಾಡಿದೆ. ಅದ ಕಬ್ಬು, ಅದ ಹೊಲದ ದಾರಿ, ಅದ ಬೇವಿನ ಗಿಡ. ರೂಢಿ ಪ್ರಕಾರ ಇವರು ಎಡಕ್ಕ ನೋಡಿ "ರೈಟ್" ಅನ್ನಬೇಕು. ಅನ್ನಲಿಲ್ಲ. ನಾ ಇನ್ನೂ ನಿಧಾನ ಮಾಡಿದೆ. ಹಿಂದಿನ ಟೆಂಪೋದವ ಹಾರ್ನ್ ಹೊಡದ.

"ರೈಟ್ ಅನ್ರಿ" ಅಂದೆ.

"ಎಡಕ್ಕ ನೀನ ನೋಡ್ಕೋ" ಅಂದ್ರು. "ಮುಂಜಾನಿ ನೋಡ್ಕೊಂಡ್ಯಲ್ಲ, ಹಂಗ. ನನಗ ಆ ಕಡೆ ಏನೂ ಕಾಣೂದಿಲ್ಲ."

ವರ್ಷದ ಮ್ಯಾಲ ಮೊದಲನೇ ಸಲ ಅವರ ಬಾಯಿಂದ ಆ ಮಾತು ಬಂತು. ಅಳಲಿಲ್ಲ, ದನಿ ಏರಸಲಿಲ್ಲ, ಟಯರಿನ್ಯಾಗ ಗಾಳಿ ಕಡಿಮಿ ಐತಿ ಅಂದಂಗ ಅಂದ್ರು. ಎಡಕ್ಕ ಕುತ್ತಿಗಿ ಹೊಳ್ಳಿಸಿ ನೋಡಿದೆ, ಮತ್ತೊಮ್ಮೆ ನೋಡಿದೆ, ಗಾಡಿ ತಗದೆ. ಹಂಗ ಸ್ವಲ್ಪ ದೂರ ಹೋದ್ವಿ.

"ಯಾಕ ಗಪ್ ಆದಿ?" ಅಂದ್ರು. ಕೈ ಚಾಚಿ ತಡಕಾಡಿ ನನ್ನ ತೋಳು ಮುಟ್ಟಿದ್ರು. "ಮಾತಾಡಲೇ. ನೀ ಸುಮ್ಮನಾದ್ರ ನನಗ ರಸ್ತಾ ಕಾಣೂದಿಲ್ಲ."

ಸೆರಗಿನಿಂದ ಕಣ್ಣ ಒರಸ್ಕೊಂಡೆ, ಒಂದ ಕೈಲೆ, ಇನ್ನೊಂದು ಸ್ಟೇರಿಂಗಿನ ಮ್ಯಾಲ ಇತ್ತು, ಅದನ್ನೂ ಅವರ ಕಲಿಸಿದ್ದು. "ಎಡಕ್ಕ ಇನ್ನೂ ಕಬ್ಬ ಐತ್ರಿ" ಅಂದೆ. "ನೀರ ಬಿಟ್ಟಾರ, ಬುಡಕ್ಕೆಲ್ಲಾ ಹೊಳಿಯಾಕತ್ತೈತಿ. ಕಬ್ಬ ಮುಗೀತು, ಈಗ ಜೋಳ ಬಂತು. ಜೋಳದ ಬದುವಿನ ಮ್ಯಾಲ ಒಬ್ಬಾಕಿ ಮೇವಿನ ಹೊರಿ ಹೊತ್ಕೊಂಡ ನಿಂತಾಳ. ರಸ್ತಾ ದಾಟಬೇಕಂತ ಕಾಣಸತೈತಿ, ನಮ್ಮ ಗಾಡಿ ನೋಡಿ ನಿಂತಾಳ."

"ಹೋಲ್ಡಾನ್" ಅಂದ್ರು. "ಅಕಿ ಮೊದಲ ದಾಟ್ಲಿ."

ನಿಲ್ಲಿಸಿದೆ. ಅಕಿ ಸಾವಕಾಶ ದಾಟಿದಳು.